ಹಾರ್ಟಿನ ಮಾತ್ರೆ ನಂಜಾದಾಗ: ಡಿಗಾಕ್ಸಿನ್ ತೆಗೆದುಕೊಳ್ಳುವವರ ಮನೆಯವರಿಗೆ

ಆಯಿ (ನಮ್ಮಲ್ಲಿ ಅಮ್ಮನಿಗೆ ಆಯಿ ಅನ್ನುವುದು) ಒಂದೆಲಗದ ತಂಬುಳಿ ಬೇಡ ಅಂದ ದಿನವೇ ನನ್ನ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ.

ನಮ್ಮದು ಶಿರಸಿಯಿಂದ ಒಳಗಿನ ಹಳ್ಳಿ. ನಾನು ಘಟ್ಟ ಇಳಿದು ಕುಮಟಾದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಆಷಾಢದ ಮಳೆಯಲ್ಲಿ ಊರಿಗೆ ಹೋದಾಗ ಆಯಿ ಬಟ್ಟಲು ಪಕ್ಕಕ್ಕೆ ಸರಿಸಿ, ‘ತಮಾ, ಊಟ ಸೇರ್ತಿಲ್ಲೆ’ ಅಂದಳು. 76 ವರ್ಷ, ಮಳೆಗಾಲ, ಮೇಲಿಂದ ವಾರದ ಹಿಂದಷ್ಟೇ ಕೆಮ್ಮು, ಕಫ. ಪಿತ್ತ ಆಗಿರಬೇಕು ಅಂದುಕೊಂಡೆವು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲೂ ಅದನ್ನೇ ಹೇಳಿ ಗ್ಯಾಸಿನ ಮಾತ್ರೆ ಕೊಟ್ಟರು. ಮೂರನೇ ದಿನ ವಾಂತಿ ಶುರುವಾಯಿತು. ನಾಲ್ಕನೇ ದಿನ ಸಂಜೆ ದೇವರ ಮುಂದಿನ ದೀಪ ನೋಡುತ್ತ, ಅದರ ಸುತ್ತ ಹಳದಿ ಬಳೆ ಇದ್ದ ಹಾಗೆ ಕಾಣುತ್ತದೆ ಅಂದಳು. ಆಗ ನನ್ನ ಎದೆ ಧಸಕ್ಕೆಂದಿತು. ಕೈ ಹಿಡಿದು ನಾಡಿ ಎಣಿಸಿದೆ. ನಿಮಿಷಕ್ಕೆ 44.

ಆಯಿ ತಿನ್ನುತ್ತಿದ್ದದ್ದು ಡಿಗಾಕ್ಸಿನ್. ಇಪ್ಪತ್ತು ವರ್ಷದಿಂದ ಅದನ್ನು ಕೌಂಟರಿನ ಮೇಲಿಂದ ಜನರ ಕೈಗೆ ಕೊಟ್ಟವನು ನಾನು. ಆದರೂ ನಾಲ್ಕು ದಿನ ಗೊತ್ತಾಗಲಿಲ್ಲ. ಯಾಕೆಂದರೆ ಅವಳ ಡೋಸ್ ಎರಡು ವರ್ಷದಿಂದ ಬದಲಾಗಿರಲಿಲ್ಲ. ಹಳೇ ಮಾತ್ರೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ಬದಲಾದದ್ದು ಮಾತ್ರೆಯ ಸುತ್ತಲಿನ ಸಂಗತಿ: ಕೆಮ್ಮಿಗೆ ಕೊಟ್ಟ ಹೊಸ ಮಾತ್ರೆ, ಕಡಿಮೆಯಾದ ಊಟ, ಸೋತ ಕಿಡ್ನಿ.

ಇದನ್ನು ಬರೆಯುತ್ತಿರುವುದು ಮನೆಯಲ್ಲಿ ಇಂಥ ಮಾತ್ರೆ ತಿನ್ನುವ ಹಿರಿಯರಿರುವವರಿಗೆ. ನಾನು ಡಾಕ್ಟರ್ ಅಲ್ಲ. ಡೋಸ್ ಏರಿಸುವುದು, ಇಳಿಸುವುದು ಡಾಕ್ಟರ ಕೆಲಸ. ಆದರೆ ಮೊದಲ ಅನುಮಾನ ಬರಬೇಕಾದದ್ದು ಮನೆಯಲ್ಲೇ.

ಹಂತ 1: ಸ್ಟ್ರಿಪ್ ತಿರುಗಿಸಿ ಓದಿ

ಮೊದಲು ನಿಮ್ಮ ಮನೆಯಲ್ಲಿ ಈ ಮಾತ್ರೆ ಇದೆಯಾ ನೋಡಿ. ‘ಹಾರ್ಟಿನ ಮಾತ್ರೆ’ ಅಂದರೆ ಸಾಲದು. ಹಾರ್ಟಿನ ಮಾತ್ರೆಗಳು ಹತ್ತಾರಿವೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಡಿಗಾಕ್ಸಿನ್’ ಅಂತ ಇರುತ್ತದೆ. ಲ್ಯಾನೋಕ್ಸಿನ್ ಅನ್ನುವುದು ಹೆಚ್ಚು ಜನರಿಗೆ ಗೊತ್ತಿರುವ ಬ್ರ್ಯಾಂಡ್ ಹೆಸರು. ಸಾಮಾನ್ಯವಾಗಿ 0.25 ಮಿಲಿಗ್ರಾಂ, ಅಂದರೆ 250 ಮೈಕ್ರೋಗ್ರಾಂ ಮಾತ್ರೆ.

ಕೌಂಟರಿನಲ್ಲಿ ನಿಂತವನ ಒಂದು ಮಾತು. ‘ಲಾ ಅಂತ ಶುರುವಾಗ್ತದೆ, ಸಣ್ಣ ಬಿಳಿ ಮಾತ್ರೆ ಕೊಡಿ’ ಅಂತ ಕೇಳುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಲ್ಯಾಸಿಕ್ಸ್ ಕೂಡ ಲಾದಿಂದಲೇ ಶುರುವಾಗುತ್ತದೆ, ಅದೂ ಸಣ್ಣದು, ಅದೂ ಬಿಳಿ. ಲ್ಯಾಸಿಕ್ಸ್ ಮೂತ್ರ ಹೋಗಲು ಕೊಡುವುದು, ಲ್ಯಾನೋಕ್ಸಿನ್ ಹೃದಯದ ಬಡಿತಕ್ಕೆ. ಅದಲುಬದಲಾದರೆ ಏನಾದೀತು ಊಹಿಸಿ. ಖಾಲಿ ಸ್ಟ್ರಿಪ್ಪನ್ನೋ ಡಾಕ್ಟರ ಚೀಟಿಯನ್ನೋ ತರದೆ ಈ ಮಾತ್ರೆ ಕೇಳಬೇಡಿ. ಅಂಗಡಿಯವನು ಎಷ್ಟೇ ಪರಿಚಯದವನಾಗಿರಲಿ.

ಚೀಟಿಯಲ್ಲಿ ಎರಡು ವಿಷಯ ನೋಡಿ. ಒಂದು, ಇಡೀ ಮಾತ್ರೆಯೋ ಅರ್ಧವೋ. ಎರಡು, ವಾರಕ್ಕೆ ಎಷ್ಟು ದಿನ. ನಮ್ಮಲ್ಲಿ ಬಹಳ ಡಾಕ್ಟರುಗಳು ವಾರಕ್ಕೆ ಐದು ದಿನ ಅಂತ ಬರೆಯುತ್ತಾರೆ, ಶನಿವಾರ ಭಾನುವಾರ ರಜೆ. ಮನೆಯಲ್ಲಿ ಮಾತ್ರೆ ಕೊಡುವವರು ಬದಲಾದಾಗ, ಅಂದರೆ ಸೊಸೆ ತವರಿಗೆ ಹೋಗಿ ಮಗ ಕೊಡಲು ಶುರುಮಾಡಿದಾಗ, ಈ ರಜೆ ಮಾಯವಾಗುತ್ತದೆ. ಐದು ಏಳಾಗುತ್ತದೆ. ಅರ್ಧ ಒಂದಾಗುತ್ತದೆ.

ಈ ಮಾತ್ರೆ ಯಾಕಿಷ್ಟು ಸೂಕ್ಷ್ಮ?

ಇದರ ಮೂಲ ಒಂದು ಗಿಡ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅಲ್ಲಿನ ಫಾಕ್ಸ್‌ಗ್ಲೋವ್ ಗಿಡದ ಎಲೆಯನ್ನು ಮೈ ಬಾತವರಿಗೆ ಕೊಟ್ಟು, ಕಂಡದ್ದನ್ನು 1785ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಹೆಚ್ಚಾದರೆ ವಾಂತಿ, ತಲೆಸುತ್ತು, ನಿಧಾನ ನಾಡಿ, ವಸ್ತುಗಳು ಹಳದಿ ಹಸಿರಾಗಿ ಕಾಣುವುದು, ಎಲ್ಲವನ್ನೂ ಅವನು ಆಗಲೇ ಬರೆದಿದ್ದಾನೆ. ನನ್ನ ಆಯಿ ದೀಪದ ಮುಂದೆ ಕೂತು ಹೇಳಿದ್ದು ಇನ್ನೂರು ವರ್ಷಕ್ಕಿಂತ ಹಳೆಯ ಲಕ್ಷಣ.

ಮಾತ್ರೆ ಎರಡು ಕೆಲಸ ಮಾಡುತ್ತದೆ. ಹೃದಯ ಹಿಂಡುವ ಬಲ ಸ್ವಲ್ಪ ಹೆಚ್ಚಿಸುತ್ತದೆ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ವಿದ್ಯುತ್ ಸಂಕೇತವನ್ನು ನಿಧಾನ ಮಾಡುತ್ತದೆ. ಅದಕ್ಕೇ ತಾಳ ತಪ್ಪಿ ಓಡುವ ಹೃದಯಕ್ಕೆ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಿಗೆ, ಮತ್ತು ಹೃದಯ ಸೋತವರಿಗೆ ಕೊಡುತ್ತಾರೆ. ಚಿಕ್ಕಂದಿನ ಕೀಲು ಜ್ವರದಿಂದ ವಾಲ್ವ್ ಕೆಟ್ಟವರೂ ಇದರಲ್ಲಿ ಇರುತ್ತಾರೆ.

ತೊಂದರೆ ಇರುವುದು ಅಳತೆಯಲ್ಲಿ. ಹೃದಯ ಸೋತವರಿಗೆ ರಕ್ತದಲ್ಲಿ ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ ಇದ್ದರೆ ಸಾಕು. 2 ದಾಟಿದರೆ ಸಾಮಾನ್ಯವಾಗಿ ನಂಜಿನ ಲೆಕ್ಕ. ಗುಣಕ್ಕೂ ನಂಜಿಗೂ ನಡುವೆ ಇರುವುದು ಅಡಕೆ ತೋಟದ ಸಂಕದಷ್ಟೇ, ಅಂದರೆ ಕಾಲುಸೇತುವೆಯಷ್ಟೇ ಅಗಲ. ಪೊಟಾಷಿಯಂ ಕಡಿಮೆ ಇದ್ದವರಿಗೆ 2ಕ್ಕಿಂತ ಕೆಳಗೇ ನಂಜಾಗಬಹುದು.

ಪೊಟಾಷಿಯಂ ಯಾಕೆ ಬಂತು ಅಂದರೆ, ಹೃದಯದ ಜೀವಕೋಶದ ಮೇಲೆ ಒಂದು ಪಂಪ್ ಇದೆ. ಅದರಲ್ಲಿ ಡಿಗಾಕ್ಸಿನ್ ಕೂರುವ ಜಾಗಕ್ಕೆ ಪೊಟಾಷಿಯಮ್ಮೂ ಪೈಪೋಟಿ ಮಾಡುತ್ತದೆ. ಪೊಟಾಷಿಯಂ ಕಮ್ಮಿಯಾದರೆ ಜಾಗ ಖಾಲಿ. ಅಷ್ಟೇ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ.

ಹಂತ 2: ಗುರುತುಗಳನ್ನು ಒಟ್ಟಿಗೆ ನೋಡಿ

ಒಂದೊಂದೇ ನೋಡಿದರೆ ಎಲ್ಲವೂ ‘ವಯಸ್ಸಾಯ್ತಲ್ಲ’ ಅನ್ನುವ ಬುಟ್ಟಿಗೆ ಬೀಳುತ್ತವೆ.

ಹೆಚ್ಚಾಗಿ ಮೊದಲು ಕೆಡುವುದು ಹೊಟ್ಟೆ. ಊಟ ಸೇರುವುದಿಲ್ಲ. ಕುಚಲಕ್ಕಿ ಗಂಜಿಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಆಮೇಲೆ ವಾಂತಿ, ಕೆಲವರಿಗೆ ಭೇದಿ. ಬಂಗಡೆ ಸಾರು ಅಂದರೆ ಬಾಯಿಬಿಡುತ್ತಿದ್ದ ನಮ್ಮ ಗಿರಾಕಿಯೊಬ್ಬರು ‘ಮೀನು ಬೇಡ ಅನಿಸ್ತದೆ’ ಅಂದಾಗ ಮನೆಯವರು ಭಕ್ತಿ ಹೆಚ್ಚಾಯಿತು ಅಂದುಕೊಂಡಿದ್ದರು. ನಗು ಬರುತ್ತದೆ, ಆದರೆ ಹೀಗೇ ಆಗುವುದು.

ಆಮೇಲೆ ತಲೆ. ಸುಸ್ತು, ಮಂಕು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಹಗಲು ರಾತ್ರಿ ತಿಳಿಯದಿರುವುದು. ಮರೆವಿನ ಕಾಯಿಲೆ ಒಂದೇ ವಾರದಲ್ಲಿ ಬರುವುದಿಲ್ಲ. ಮೊನ್ನೆ ತನಕ ಹಾಲಿನ ಲೆಕ್ಕ ಇಡುತ್ತಿದ್ದವರು ಇವತ್ತು ಗೊಂದಲ ಮಾಡಿಕೊಂಡರೆ ಮಾತ್ರೆ ಡಬ್ಬಿ ನೋಡಿ.

ಕಣ್ಣಿನ ಗುರುತು ಎಲ್ಲರಿಗೂ ಬರುವುದಿಲ್ಲ, ಬಂದರೂ ತಾವಾಗಿ ಹೇಳುವವರು ಕಡಿಮೆ. ಪೊರೆ ಬಂದಿರಬೇಕು ಅಂದುಕೊಳ್ಳುತ್ತಾರೆ. ನೀವೇ ಕೇಳಿ: ಬಲ್ಬಿನ ಸುತ್ತ ಬಳೆ ಕಾಣುತ್ತದಾ? ಬಿಳಿ ಪಂಚೆ ಹಳದಿಯಾಗಿ ಕಾಣುತ್ತದಾ? ಮಸುಕು ಇದೆಯಾ?

ಕೊನೆಯದು ಹೃದಯ. ನಾಡಿ ನಿಧಾನವಾಗುವುದು, ನಡುನಡುವೆ ಬಡಿತ ತಪ್ಪುವುದು, ಎದೆ ಡವಡವ, ಕಣ್ಣು ಕತ್ತಲೆ, ಬೀಳುವುದು. ಡಿಗಾಕ್ಸಿನ್ ಬಡಿತವನ್ನು ನಿಧಾನ ಮಾತ್ರ ಮಾಡುತ್ತದೆ ಅಂದುಕೊಳ್ಳಬೇಡಿ. ನಂಜಾದಾಗ ಹೃದಯ ಕೆರಳಿ ಓಡಲೂಬಹುದು. ಜೀವಕ್ಕೆ ಅಪಾಯ ಇರುವುದು ಇಲ್ಲೇ. ಇನ್ನೊಂದು ವಿಷಯ: ಹೊಟ್ಟೆಯ ಲಕ್ಷಣ ಏನೂ ಇಲ್ಲದೆ ನೇರವಾಗಿ ಬಡಿತವೇ ಕೆಡುವುದೂ ಉಂಟು. ವಾಂತಿ ಇಲ್ಲವಲ್ಲ ಅಂತ ಸುಮ್ನೆ ಕೂರಬೇಡಿ.

ಹಂತ 3: ನಾಡಿ ಎಣಿಸಲು ಕಲಿಯಿರಿ

ಇದಕ್ಕೆ ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಗಡಿಯಾರ, ಅಷ್ಟೇ. ಬೆಳಿಗ್ಗೆ ಮಾತ್ರೆ ಕೊಡುವ ಮೊದಲು ಎಣಿಸಿ.

ಕೊಟ್ಟಿಗೆಯಿಂದ ಬಂದ ಕೂಡಲೇ, ಮೆಟ್ಟಿಲು ಹತ್ತಿದ ಕೂಡಲೇ ಬೇಡ. ಐದು ನಿಮಿಷ ಕೂರಿಸಿ. ಅಂಗೈ ಮೇಲೆ ಮಾಡಿ ಕೈಯನ್ನು ತೊಡೆಯ ಮೇಲೋ ಮೇಜಿನ ಮೇಲೋ ಇಡಿಸಿ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿದರೆ ಎಲುಬಿನ ಪಕ್ಕ ಒಂದು ಸಣ್ಣ ತಗ್ಗು ಸಿಗುತ್ತದೆ. ಅಲ್ಲಿ ನಿಮ್ಮ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಇಡಬೇಡಿ, ಅದರಲ್ಲಿ ನಿಮ್ಮದೇ ನಾಡಿ ಸಿಗುತ್ತದೆ. ಜೋರಾಗಿ ಒತ್ತಿದರೆ ಬಡಿತ ಮುಚ್ಚಿಹೋಗುತ್ತದೆ. ಹೂವಿನ ಎಸಳು ಹಿಡಿದ ಹಾಗೆ ಹಿಡಿಯಿರಿ.

ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ಹೃದಯಕ್ಕೆ ನಡೆಯುವುದಿಲ್ಲ. ಬಿಪಿ ಮಷಿನ್ ತೋರಿಸುವ ನಾಡಿಯೂ ಇಂಥವರಲ್ಲಿ ತಪ್ಪಬಹುದು. ನಾನಂತೂ ಬೆರಳನ್ನೇ ನಂಬುತ್ತೇನೆ. ಕೈಯಲ್ಲಿ ಸರಿಯಾಗಿ ಸಿಗದಿದ್ದರೆ ಪಿಎಚ್‌ಸಿಯ ನರ್ಸ್ ಹತ್ತಿರ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಣಿಸಿಸಿ. ಕೆಲವು ಬಡಿತ ಕೈತನಕ ಬರುವುದೇ ಇಲ್ಲ.

60ಕ್ಕಿಂತ ಕಡಿಮೆ ಇದ್ದರೆ ಆ ದಿನದ ಮಾತ್ರೆ ತಡೆಹಿಡಿದು ಡಾಕ್ಟರಿಗೆ ಫೋನ್ ಮಾಡಿ. ನಿಮ್ಮ ಡಾಕ್ಟರ್ ಬೇರೆ ಸಂಖ್ಯೆ ಹೇಳಿದ್ದರೆ ಅದೇ ಸರಿ. 50ಕ್ಕಿಂತ ಕೆಳಗಿದ್ದರೆ, ಅಥವಾ ಸುಮ್ಮನೆ ಕೂತಾಗಲೂ 120 ದಾಟಿದ್ದರೆ, ಡಾಕ್ಟರಿಗೆ ಫೋನ್ ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಈಗ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸೂಕ್ಷ್ಮ. ಏಟ್ರಿಯಲ್ ಫಿಬ್ರಿಲೇಶನ್ ಇದ್ದವರ ನಾಡಿಗೆ ತಾಳವೇ ಇರುವುದಿಲ್ಲ. ಕಲಿಯುವವನು ಬಾರಿಸಿದ ಮದ್ದಳೆಯ ಹಾಗೆ, ಎರಡು ಹತ್ತಿರ, ಒಂದು ದೂರ. ಅಂಥ ನಾಡಿ ಒಂದು ದಿನ ಇದ್ದಕ್ಕಿದ್ದಂತೆ ನಿಧಾನವಾಗಿ, ಗಡಿಯಾರದ ಹಾಗೆ ಸರಿಯಾದ ತಾಳದಲ್ಲಿ ಬಡಿಯತೊಡಗಿದರೆ ಮನೆಯವರು ಖುಷಿಪಡುತ್ತಾರೆ. ಖುಷಿಪಡಬೇಡಿ. ಮೇಲಿನಿಂದ ಬರುವ ಸಂಕೇತ ಪೂರ್ತಿ ತಡೆದು, ಹೃದಯದ ನಡುಭಾಗ ತಾನೇ ಬಡಿಯಲು ಶುರುಮಾಡಿದಾಗ ಹೀಗಾಗುತ್ತದೆ. ಡಿಗಾಕ್ಸಿನ್ ನಂಜಿನ ಒಳ್ಳೆಯ ಸುಳಿವು ಅದು. ಆಯಿಯ 44 ಹಾಗೇ ಇತ್ತು. ಒಂದೇ ಸಮ, ಟಕ್, ಟಕ್, ಟಕ್.

ಹಂತ 4: ‘ಈಗ ಯಾಕೆ?’ ಅಂತ ಕೇಳಿ

ಡೋಸ್ ಅದೇ ಇದ್ದರೂ ನಂಜಾಗಲು ಕಾರಣ ಇದ್ದೇ ಇರುತ್ತದೆ. ಕಳೆದ ಎರಡು ಮೂರು ವಾರ ಹಿಂದಕ್ಕೆ ಹೋಗಿ ಹುಡುಕಿ.

ಕಿಡ್ನಿ. ಡಿಗಾಕ್ಸಿನ್ ಹೆಚ್ಚಾಗಿ ಹೊರಗೆ ಹೋಗುವುದು ಮೂತ್ರದಲ್ಲಿ. ಕಿಡ್ನಿ ಚೆನ್ನಾಗಿದ್ದವರಲ್ಲೇ ಅರ್ಧ ಖಾಲಿಯಾಗಲು 36ರಿಂದ 48 ಗಂಟೆ ಬೇಕು. ಕಿಡ್ನಿ ಸೋತರೆ ನಾಲ್ಕೈದು ದಿನ. ದಿನಾ ಸುರಿಯುತ್ತಿದ್ದೀರಿ, ಹೊರಗೆ ಹೋಗುವ ತೂಬು ಮುಚ್ಚಿದೆ, ಕೆರೆ ತುಂಬದೇ ಇರುತ್ತದಾ? ಇಲ್ಲೊಂದು ಮೋಸ ಇದೆ. ತೆಳ್ಳಗಿನ ಅಜ್ಜಿಯರ ಮೈಯಲ್ಲಿ ಮಾಂಸ ಕಡಿಮೆ, ಹಾಗಾಗಿ ಕ್ರಿಯಾಟಿನಿನ್ (ಮಾಂಸಖಂಡದಿಂದ ರಕ್ತಕ್ಕೆ ಬಂದು ಕಿಡ್ನಿ ಹೊರಗೆ ಹಾಕುವ ಕಸ) 1.1 ಅಂತ ‘ನಾರ್ಮಲ್’ ಬಂದರೂ ಕಿಡ್ನಿಯ ಕೆಲಸ ಅರ್ಧಕ್ಕೆ ಇಳಿದಿರಬಹುದು. ರಿಪೋರ್ಟಿನಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ಅನ್ನುವ ಸಂಖ್ಯೆ ಎಷ್ಟು ಅಂತ ಡಾಕ್ಟರನ್ನು ಕೇಳಿ.

ಹೊಸ ಮಾತ್ರೆ. ಆಯಿಗೆ ಕೆಮ್ಮಿಗೆ ಕೊಟ್ಟದ್ದು ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್. ಅದು ಡಿಗಾಕ್ಸಿನ್ನನ್ನು ಮೈಯಿಂದ ಹೊರಗೆ ತಳ್ಳುವ ದಾರಿಯನ್ನು ಅಡ್ಡಗಟ್ಟುತ್ತದೆ. ಎರಿತ್ರೊಮೈಸಿನ್, ಬಡಿತಕ್ಕೇ ಕೊಡುವ ಅಮಿಯೊಡರೋನ್ ಮತ್ತು ವೆರಾಪಮಿಲ್, ಫಂಗಸ್ಸಿಗೆ ಕೊಡುವ ಇಟ್ರಕೊನಜೋಲ್ ಇವೂ ರಕ್ತದಲ್ಲಿ ಡಿಗಾಕ್ಸಿನ್ ಏರಿಸುತ್ತವೆ. ಅಮಿಯೊಡರೋನ್ ಶುರುಮಾಡುವಾಗ ಡಿಗಾಕ್ಸಿನ್ ಡೋಸನ್ನು ಸುಮಾರು ಅರ್ಧಕ್ಕೆ ಇಳಿಸುವುದು ರೂಢಿ. ಮಂಡಿ ನೋವಿಗೆ ನುಂಗುವ ಡೈಕ್ಲೋಫಿನಾಕ್‌ನಂಥ ಮಾತ್ರೆಗಳು ಕಿಡ್ನಿಯ ಕಡೆಯಿಂದ ತೊಂದರೆ ತರುತ್ತವೆ. ತಪ್ಪನ್ನೆಲ್ಲ ಕೆಮ್ಮಿಗೆ ಮಾತ್ರೆ ಕೊಟ್ಟ ಕ್ಲಿನಿಕ್ಕಿನ ತಲೆಗೆ ಕಟ್ಟುವುದಿಲ್ಲ. ಅವರು ಕೇಳಲಿಲ್ಲ, ನಿಜ. ಆಯಿ ಏನೇನು ತಿನ್ನುತ್ತಾಳೆ ಅಂತ ನಾವು ಚೀಟಿಯನ್ನೂ ಒಯ್ದಿರಲಿಲ್ಲ. ಮೆಡಿಕಲ್ ಶಾಪ್ ಇಟ್ಟವನ ಮನೆಯಲ್ಲಿ!

ಉಪ್ಪುಗಳು. ಲ್ಯಾಸಿಕ್ಸ್ ಥರದ ಮಾತ್ರೆಗಳು ಮೂತ್ರದ ಜೊತೆ ಪೊಟಾಷಿಯಂ, ಮೆಗ್ನೀಷಿಯಂ ಎರಡನ್ನೂ ಹೊರಗೆ ಹಾಕುತ್ತವೆ. ಡಿಗಾಕ್ಸಿನ್ ತಿನ್ನುವ ಬಹಳ ಜನ ಇದನ್ನೂ ತಿನ್ನುತ್ತಾರೆ. ಅದರ ಮೇಲೆ ವಾಂತಿ ಭೇದಿ ಆದರೆ ಕೇಳುವುದೇ ಬೇಡ. ಇಲ್ಲೇ ಸುಳಿ ಶುರುವಾಗುವುದು. ನಂಜಿನಿಂದ ವಾಂತಿ. ವಾಂತಿಯಿಂದ ಮೈಯ ನೀರು, ಪೊಟಾಷಿಯಂ ಖಾಲಿ. ನೀರಿಲ್ಲದೆ ಕಿಡ್ನಿ ಸೋಲುತ್ತದೆ. ಮಾತ್ರೆ ಇನ್ನೂ ಏರುತ್ತದೆ. ಮತ್ತೆ ವಾಂತಿ.

ಮನೆಮದ್ದು. ನಮ್ಮ ಕಡೆಯವರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು. ದಿನಾ ಕುಡಿಯುವ ಕೊತ್ತಂಬರಿ ಜೀರಿಗೆ ಕಷಾಯದ ಮಾತಲ್ಲ ಇದು. ಜ್ಯೇಷ್ಠಮಧುವಿನ ಮಾತು. ಕೆಮ್ಮಿಗೆ, ಗಂಟಲಿಗೆ ಅದಕ್ಕಿಂತ ಒಳ್ಳೆಯದಿಲ್ಲ ಅಂತ ಭಾಗವತರಿಂದ ಹಿಡಿದು ಶಾಲೆ ಮಕ್ಕಳ ತನಕ ಎಲ್ಲರೂ ಜಗಿಯುತ್ತಾರೆ. ಆದರೆ ದಿನಾ ಜಾಸ್ತಿ ತಗೊಂಡರೆ ಅದು ಪೊಟಾಷಿಯಂ ಇಳಿಸುತ್ತದೆ. ಮಲಬದ್ಧತೆಗೆ ದಿನಾ ಕುಡಿಯುವ ಸೋನಾಮುಖಿಯೂ ಹಾಗೇ. ಡಿಗಾಕ್ಸಿನ್ ತಿನ್ನುವವರಿಗೆ ಇವೆರಡೂ ಬೇಡ.

ಕಣಗಿಲೆಯಂತೂ ಬೇಡವೇ ಬೇಡ. ದೇವರಿಗೆ ಏರಿಸುವ ಕೆಂಪು, ಬಿಳಿ ಕಣಗಿಲೆ, ಬೇಲಿಯಲ್ಲಿ ಬೆಳೆಯುವ ಹಳದಿ ಕಣಗಿಲೆ ಇವುಗಳಲ್ಲಿ ಡಿಗಾಕ್ಸಿನ್ನಿನ ದಾಯಾದಿಗಳಂಥ ವಿಷಗಳಿವೆ. ಹೂ ಕೊಯ್ದು ಪೂಜೆ ಮಾಡಿ, ಅಡ್ಡಿಯಿಲ್ಲ. ಆದರೆ ಅದರ ಎಲೆ, ಬೇರು, ಬೀಜ ಸೇರಿದ ಯಾವುದೂ ಹೊಟ್ಟೆಗೆ ಹೋಗಬಾರದು, ಯಾರು ಹೇಳಿದರೂ. ಮಾತ್ರೆ ತಿನ್ನದ ಆರೋಗ್ಯವಂತರಿಗೂ ಇದೇ ಮಾತು.

ಹಂತ 5: ಅನುಮಾನ ಬಂದರೆ ಮನೆಯಲ್ಲಿ ಮಾಡುವುದು

ಮುಂದಿನ ಡಿಗಾಕ್ಸಿನ್ ಮಾತ್ರೆ ಕೊಡಬೇಡಿ. ಒಂದು ಡೋಸ್ ತಪ್ಪಿದರೆ ಹೃದಯ ನಿಂತೇಹೋಗುತ್ತದೆ ಅನ್ನುವ ಹೆದರಿಕೆ ಬೇಡ. ಮಾತ್ರೆ ಮೈಯಲ್ಲಿ ದಿನಗಟ್ಟಲೆ ಉಳಿಯುವಂಥದ್ದು ಅಂತ ಆಗಲೇ ನೋಡಿದೆವಲ್ಲ. ಹಾಗಂತ ಡಾಕ್ಟರಿಗೆ ಹೇಳದೆ ವಾರಗಟ್ಟಲೆ ಬಿಟ್ಟುಬಿಡುವುದೂ ತಪ್ಪು. ಇವತ್ತಿನದ್ದು ತಡೆಯಿರಿ, ಇವತ್ತೇ ಡಾಕ್ಟರನ್ನು ಕಾಣಿ.

ಆಮೇಲೆ ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಆಯುರ್ವೇದದ ಪುಡಿ, ಕಷಾಯದ ಪೊಟ್ಟಣ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ. ಆರಿಸಬೇಡಿ, ಎಲ್ಲವನ್ನೂ. ಕೊನೆಯ ಡಿಗಾಕ್ಸಿನ್ ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಚೀಟಿಯಲ್ಲಿ ಬರೆಯಿರಿ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ತಲೆಸುತ್ತಿದ್ದರೆ ಮಲಗಿಸಿ. ಬಚ್ಚಲಿಗೆ ಒಬ್ಬರನ್ನೇ ಕಳಿಸಬೇಡಿ, ಮಳೆಗಾಲದ ಅಂಗಳದಲ್ಲಂತೂ ಬೇಡ. ವಾಂತಿ ಮಾಡಿಸಲು ಹೋಗಬೇಡಿ. ವಾಂತಿ ನಿಲ್ಲುವ ಮಾತ್ರೆಯನ್ನೂ ನೀವಾಗಿ ಕೊಡಬೇಡಿ.

‘ಪೊಟಾಷಿಯಂ ಕಡಿಮೆ ಆಗಿರ್ಬೇಕು, ಎರಡು ಎಳನೀರು ಕುಡಿಸಿ’ ಅನ್ನುವ ಬುದ್ಧಿವಂತರು ಎಲ್ಲ ಮನೆಯಲ್ಲೂ ಇರುತ್ತಾರೆ. ಬೇಡ. ಪೊಟಾಷಿಯಂ ಸಿರಪ್ ಕೂಡ ಬೇಡ. ನಂಜು ಜೋರಾದಾಗ, ಕಿಡ್ನಿ ಸೋತಾಗ ಪೊಟಾಷಿಯಂ ಉಲ್ಟಾ ಏರಿರಬಹುದು. ಆಗ ಎಳನೀರು ಬೆಂಕಿಗೆ ತುಪ್ಪ. ಕಡಿಮೆಯೋ ಜಾಸ್ತಿಯೋ ರಕ್ತ ನೋಡಿದವರೇ ಹೇಳಬೇಕು.

ಪ್ರಜ್ಞೆ ತಪ್ಪಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ನಾಡಿ 50ಕ್ಕಿಂತ ಕೆಳಗಿದ್ದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಫೋನ್ ಮಾಡಿ. ಯಾರಾದರೂ ಒಮ್ಮೆಲೇ ತುಂಬಾ ಮಾತ್ರೆ ನುಂಗಿದ್ದರೆ, ಮಗು ಒಂದೇ ಮಾತ್ರೆ ಬಾಯಿಗೆ ಹಾಕಿಕೊಂಡಿದ್ದರೂ, ಲಕ್ಷಣ ಬರಲಿ ಅಂತ ಕಾಯಬೇಡಿ. ಮೊದಲ ಕೆಲವು ಗಂಟೆ ಏನೂ ಆಗದ ಹಾಗೆ ಕಾಣುತ್ತದೆ, ಆಮೇಲೆ ಕೆಡುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ಲೆಕ್ಕ ಇದೆ, ದಾರಿಯದ್ದು. ದೊಡ್ಡ ಹಾರ್ಟ್ ಆಸ್ಪತ್ರೆ ಅಂದರೆ ಶಿರಸಿ ಕಡೆಯವರು ಹುಬ್ಬಳ್ಳಿ, ಕುಮಟಾ ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರು, ಕಾರವಾರದವರು ಗೋವಾ ಅಂತ ಹೊರಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆ ವರ್ಷಗಳಿಂದ ಕೇಳುತ್ತಿರುವುದು ಸುಮ್ಮನೆ ಅಲ್ಲ. ಆದರೆ ನೇರ ನೂರಾರು ಕಿಲೋಮೀಟರ್ ಕಾರು ಓಡಿಸಬೇಡಿ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೋ ಕಾರವಾರದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹೋಗಿ ಇಸಿಜಿ ಮಾಡಿಸಿ. ಸಲೈನ್ ಸೂಜಿ ಹಾಕಿಸಿ, ಬಡಿತ ನೋಡುವ ಮಾನಿಟರ್ ಇರುವ ಆಂಬುಲೆನ್ಸಿನಲ್ಲಿ ಮುಂದೆ ಹೋಗುವುದು ಕ್ಷೇಮ. ಹೃದಯ ದೇವಿಮನೆ ಘಟ್ಟದ ತಿರುವಿನಲ್ಲಿ ಕೈಕೊಟ್ಟರೆ ಸ್ವಂತ ಕಾರಿನಲ್ಲಿ ನೀವೇನು ಮಾಡುತ್ತೀರಿ?

ಹಂತ 6: ಆಸ್ಪತ್ರೆಯಲ್ಲಿ ಏನಾಗುತ್ತದೆ

ಮೊದಲು ಇಸಿಜಿ. ಡಿಗಾಕ್ಸಿನ್ ತಿನ್ನುವವರ ಇಸಿಜಿಯಲ್ಲಿ ಒಂದು ಗೆರೆ ಉಲ್ಟಾ ಟಿಕ್ ಮಾರ್ಕಿನ ಹಾಗೆ ಕೆಳಗೆ ಜೋತಿರುತ್ತದೆ. ಅದು ಮಾತ್ರೆ ಮೈಯಲ್ಲಿದೆ ಅನ್ನುವ ಗುರುತು, ನಂಜು ಅನ್ನುವ ಗುರುತಲ್ಲ. ಡಾಕ್ಟರ್ ಹುಡುಕುವುದು ಬಡಿತದ ತಾಳದಲ್ಲಿ ಆದ ಬದಲಾವಣೆ. ಹಳೇ ಇಸಿಜಿ ಒಯ್ದರೆ ಹೋಲಿಸಲು ಸುಲಭ.

ರಕ್ತದಲ್ಲಿ ಪೊಟಾಷಿಯಂ, ಮೆಗ್ನೀಷಿಯಂ, ಕ್ರಿಯಾಟಿನಿನ್ ನೋಡುತ್ತಾರೆ. ಡಿಗಾಕ್ಸಿನ್ ಲೆವೆಲ್ ಅನ್ನುವ ಟೆಸ್ಟೂ ಇದೆ. ಅದಕ್ಕೆ ರಕ್ತ ತೆಗೆಯುವುದು ಕೊನೆಯ ಮಾತ್ರೆ ನುಂಗಿ ಕನಿಷ್ಠ 6 ಗಂಟೆ ಆದ ಮೇಲೆ. ಮೊದಲೇ ತೆಗೆದರೆ ಮಾತ್ರೆ ಇನ್ನೂ ರಕ್ತದಲ್ಲೇ ಓಡಾಡುತ್ತಿರುತ್ತದೆ, ಸಂಖ್ಯೆ ಸುಳ್ಳುಸುಳ್ಳೇ ಜಾಸ್ತಿ ಬರುತ್ತದೆ. ಚೀಟಿಯಲ್ಲಿ ಗಂಟೆ ಬರೆಯಿರಿ ಅಂದದ್ದು ಇದಕ್ಕೇ. ಸಣ್ಣ ಊರಿನ ಲ್ಯಾಬುಗಳು ಈ ಟೆಸ್ಟಿಗೆ ಸ್ಯಾಂಪಲ್ ಹೊರಗೆ ಕಳಿಸುವುದೇ ಹೆಚ್ಚು, ರಿಪೋರ್ಟಿಗೆ ಸಮಯ ಹಿಡಿಯುತ್ತದೆ. ಒಳ್ಳೆಯ ಡಾಕ್ಟರ್ ಅದಕ್ಕಾಗಿ ಕಾಯುತ್ತ ಕೂರುವುದಿಲ್ಲ. ಲಕ್ಷಣ, ಇಸಿಜಿ, ಪೊಟಾಷಿಯಂ ನೋಡಿ ಚಿಕಿತ್ಸೆ ಶುರುಮಾಡುತ್ತಾರೆ. ಆಯಿಯ ಲೆವೆಲ್ 3.1 ಅಂತ ಗೊತ್ತಾಗುವ ಹೊತ್ತಿಗೆ ಅವಳು ಎರಡು ಇಡ್ಲಿ ತಿಂದಿದ್ದಳು.

ಸಾಧಾರಣ ನಂಜಿಗೆ ಚಿಕಿತ್ಸೆ ನೋಡಲು ಬಹಳ ಸರಳ. ಮಾತ್ರೆ ನಿಲ್ಲಿಸಿ, ಮಾನಿಟರ್ ಹಚ್ಚಿ, ಕಡಿಮೆಯಾದ ಪೊಟಾಷಿಯಂ ಮೆಗ್ನೀಷಿಯಂ ನಿಧಾನವಾಗಿ ಏರಿಸಿ ಕಾಯುತ್ತಾರೆ. ‘ಏನೂ ಮಾಡ್ತಾ ಇಲ್ಲ’ ಅಂತ ನೆಂಟರು ಗೊಣಗಬಹುದು. ಆ ಕಾಯುವುದೇ ಕೆಲಸ. ಬಡಿತ ತೀರಾ ಇಳಿದರೆ ಅಟ್ರೋಪಿನ್ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ತಾತ್ಕಾಲಿಕ ಪೇಸ್‌ಮೇಕರ್. ಒಮ್ಮೆಲೇ ತುಂಬಾ ನುಂಗಿದವರು ಒಂದೆರಡು ಗಂಟೆಯೊಳಗೆ ಬಂದರೆ ಇದ್ದಿಲಿನ ಪುಡಿ ಕುಡಿಸುವುದುಂಟು. ಒಲೆಯ ಇದ್ದಿಲಲ್ಲ, ಆಸ್ಪತ್ರೆಯದ್ದು.

ಈ ನಂಜಿಗೆ ನಿಜವಾದ ಪ್ರತಿವಿಷವೂ ಇದೆ. ಕುರಿಯ ರಕ್ತದಿಂದ ತಯಾರಿಸಿದ ಆಂಟಿಬಾಡಿ, ಡಿಗಾಕ್ಸಿನ್ನನ್ನು ಹಿಡಿದು ಕಟ್ಟಿಹಾಕುತ್ತದೆ. 40 ಮಿಲಿಗ್ರಾಂನ ಒಂದು ಬಾಟಲಿ ಸುಮಾರು ಅರ್ಧ ಮಿಲಿಗ್ರಾಂ ಡಿಗಾಕ್ಸಿನ್ನಿಗೆ ಸಾಕು. ಮನುಷ್ಯರಿಗೆ ಇದನ್ನು ಕೊಟ್ಟು ಉಳಿಸಿದ ಮೊದಲ ವರದಿ ಬಂದದ್ದು 1976ರಲ್ಲಿ. ಜೀವಕ್ಕೆ ಅಪಾಯ ತರುವಂಥ ಬಡಿತ, ಏರಿದ ಪೊಟಾಷಿಯಂ ಇದ್ದಾಗ ಇದು ಬೇಕು. ಆದರೆ ಬಹಳ ದುಬಾರಿ, ಭಾರತದಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಕೌಂಟರಿನ ಈ ಕಡೆ ನಿಂತ ಇಷ್ಟು ವರ್ಷದಲ್ಲಿ ನಾನು ಅದರ ಬಾಟಲಿಯನ್ನು ಕಣ್ಣಾರೆ ಕಂಡಿಲ್ಲ. ಬೇಗ ಗುರುತಿಸಿ ಅಂತ ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಇದೂ ಕಾರಣ.

‘ಡಯಾಲಿಸಿಸ್ ಮಾಡಿ ತೆಗೆದುಬಿಡಿ’ ಅನ್ನುವ ಪ್ರಶ್ನೆ ಬರುತ್ತದೆ. ಆಗುವುದಿಲ್ಲ. ಡಿಗಾಕ್ಸಿನ್ ರಕ್ತದಲ್ಲಿ ಇರುವುದು ಸ್ವಲ್ಪವೇ, ಹೆಚ್ಚಿನದ್ದು ಮಾಂಸಖಂಡಗಳಲ್ಲಿ ಸೇರಿರುತ್ತದೆ.

ಹಂತ 7: ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಚೀಟಿಯಲ್ಲಿ ಡಿಗಾಕ್ಸಿನ್ ಇದೆಯಾ, ಇದ್ದರೆ ಎಷ್ಟು, ಯಾವತ್ತಿನಿಂದ ಅಂತ ಬಾಯಿಬಿಟ್ಟು ಕೇಳಿ. ಕೆಲವರಿಗೆ ಪೂರ್ತಿ ನಿಲ್ಲಿಸುತ್ತಾರೆ. ಆಯಿಗೆ ಅರ್ಧಕ್ಕೆ ಇಳಿಸಿದರು. ಹಳೇ ಚೀಟಿ ಹರಿದುಹಾಕಿ. ಇಲ್ಲದಿದ್ದರೆ ಮನೆಯಲ್ಲಿ ಯಾರೋ ಒಬ್ಬರು ಅದನ್ನೇ ಹಿಡಿದು ಅಂಗಡಿಗೆ ಬರುತ್ತಾರೆ.

‘ಇಷ್ಟು ರಗಳೆ ಇದ್ದರೆ ಈ ಮಾತ್ರೆ ಯಾಕೆ ಬೇಕು?’ ಅಂತ ತಂಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. 1997ರಲ್ಲಿ ಪ್ರಕಟವಾದ, 6,800 ಹೃದಯ ಸೋತ ರೋಗಿಗಳ ದೊಡ್ಡ ಅಧ್ಯಯನವೊಂದರಲ್ಲಿ ಡಿಗಾಕ್ಸಿನ್‌ನಿಂದ ಆಯುಷ್ಯ ಹೆಚ್ಚಾಗಲಿಲ್ಲ, ಆದರೆ ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಈಗ ಹೃದಯ ಸೋತವರಿಗೆ ಬೇರೆ ಒಳ್ಳೆಯ ಮಾತ್ರೆಗಳಿವೆ, ಅದಕ್ಕೇ ಡಿಗಾಕ್ಸಿನ್ ಹಿಂದಿನಷ್ಟು ಬರೆಯುವುದಿಲ್ಲ. ಬಿಪಿ ತೀರಾ ಕಡಿಮೆ ಇದ್ದು ಬೇರೆ ಮಾತ್ರೆ ತಡೆಯದವರಿಗೆ ಇದು ಈಗಲೂ ಉಪಕಾರಿ. ಬೇಕೋ ಬೇಡವೋ ಅನ್ನುವುದನ್ನು ವರ್ಷಕ್ಕೊಮ್ಮೆಯಾದರೂ ಡಾಕ್ಟರ ಎದುರು ಎತ್ತಿ.

ದಿನದ ಕೆಲಸಕ್ಕೆ ಬಂದರೆ, ವಾರದ ಏಳು ಖಾನೆಯ ಮಾತ್ರೆ ಡಬ್ಬಿ ತನ್ನಿ. ರಜೆ ದಿನದ ಖಾನೆಯಲ್ಲಿ ಡಿಗಾಕ್ಸಿನ್ ಇರಬಾರದು, ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗಿಸಬೇಡಿ. ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಇಡಿ. ಪೊಟಾಷಿಯಂ, ಕ್ರಿಯಾಟಿನಿನ್ ಟೆಸ್ಟ್ ಎಷ್ಟು ತಿಂಗಳಿಗೊಮ್ಮೆ ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ವಾಂತಿ ಭೇದಿ ಆದಾಗ, ಮೂತ್ರದ ಮಾತ್ರೆಯ ಡೋಸ್ ಬದಲಾದಾಗ, ಹೊಸ ಮಾತ್ರೆ ಸೇರಿದಾಗ ಆ ದಿನಾಂಕಕ್ಕೆ ಕಾಯದೆ ಮಾಡಿಸಿ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯೊಳಗೆ ಒಮ್ಮೆ ಮಾಡಿಸಿಬಿಡುವುದು ನನ್ನ ರೂಢಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಯಾರಿಗೆ ಮರೆತಿದೆ? ಆಗ ಕಾರವಾರಕ್ಕೆ ಹೋಗುವುದೇ ಸುತ್ತುಬಳಸಿ. ಒಂದು ತಿಂಗಳ ಮಾತ್ರೆ ಮನೆಯಲ್ಲಿರಲಿ, ಹತ್ತಿರದಲ್ಲಿ ಇಸಿಜಿ ಎಲ್ಲಿ ಮಾಡುತ್ತಾರೆ ಅಂತ ಗೊತ್ತಿರಲಿ.

ಪರ್ಸಿನಲ್ಲಿ ಒಂದು ಸಣ್ಣ ಚೀಟಿ ಇಡಿ: ಹೆಸರು, ತಿನ್ನುವ ಎಲ್ಲ ಮಾತ್ರೆ, ಡೋಸ್, ಕೊನೆಯ ಕ್ರಿಯಾಟಿನಿನ್. ಯಾವ ಕ್ಲಿನಿಕ್ಕಿಗೆ ಹೋದರೂ, ಹಲ್ಲಿನ ಡಾಕ್ಟರ ಹತ್ತಿರ ಹೋದರೂ, ಕೂತ ಕೂಡಲೇ ಅದನ್ನು ಮೇಜಿನ ಮೇಲೆ ಇಡಿ. ಅಂಗಡಿಯಲ್ಲಿ ಕೆಮ್ಮಿಗೆ ಏನಾದರೂ ಕೊಡಿ ಅನ್ನುವ ಮೊದಲೂ ತೋರಿಸಿ. ನನ್ನಂಥವರಿಗೂ ಅದು ಬೇಕು.

ಆಯಿ ಈಗ ತಾನೇ ನಾಡಿ ಎಣಿಸುತ್ತಾಳೆ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಎಡಕ್ಕೆ ಲೀಟರ್, ಬಲಕ್ಕೆ ನಾಡಿ. ಕಳೆದ ವಾರ ಫೋನ್ ಮಾಡಿ 68 ಅಂದಳು. ನಾನು ಒಳ್ಳೆಯದಾಯಿತು ಅಂದೆ. ತಾಳ ಎಂದಿನ ಹಾಗೆ ತಪ್ಪಿಯೇ ಇದೆ ಅಂತ ಅವಳೇ ಸೇರಿಸಿದಳು.